ಮಂತ್ರ ಫಲಿಸಿತೇ? ಫ್ರಾಸ್ಟ್‌ಗ್ರೇವ್ ಆಟದಲ್ಲಿ ಲೆಕ್ಕ ಹಿಡಿಯುವ ಕ್ರಮ

ಹಿಮ ಕರಗಿ ಹೊರಬಂದ ಪುರಾತನ ನಗರದ ಅವಶೇಷಗಳ ನಡುವೆ ನಿಧಿಗಾಗಿ ಸೆಣಸುವ ಮಾಂತ್ರಿಕರ ಆಟ ಫ್ರಾಸ್ಟ್‌ಗ್ರೇವ್. ಮೊದಲು 2015ರಲ್ಲಿ ಬಂತು. ಎರಡನೇ ಆವೃತ್ತಿ ಬಂದದ್ದು 2020ರಲ್ಲಿ. ಮೇಜಿನ ಮೇಲೆ ಪುಟ್ಟ ಬೊಂಬೆಗಳು, ಒಂದು ಅಳತೆ ಟೇಪು, ಇಪ್ಪತ್ತು ಮುಖದ ದಾಳ ಇದ್ದರೆ ಆಟ ಶುರು. ನಿಯಮಗಳು ಕಷ್ಟದವಲ್ಲ. ಆದರೂ ಮಂತ್ರ ಪ್ರಯೋಗಿಸುವ ಹೊತ್ತಿಗೆ ಆಟಗಾರರ ನಡುವೆ ಚರ್ಚೆ ಏಳುತ್ತದೆ. ಹೆಚ್ಚಿನ ಸಲ ಇದಕ್ಕೆ ಕಾರಣ ನಿಯಮ ಗೊತ್ತಿಲ್ಲದಿರುವುದಲ್ಲ, ಯಾವುದು ಮೊದಲು ಯಾವುದು ನಂತರ ಎಂಬ ಕ್ರಮ ತಪ್ಪುವುದು. ಆ ಕ್ರಮವನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಆಟಕ್ಕೆ ಮುನ್ನ: ನಿಮ್ಮ ಸಂಖ್ಯೆ ಬರೆದಿಟ್ಟುಕೊಳ್ಳಿ

ಪ್ರತಿ ಮಂತ್ರಕ್ಕೂ ಒಂದು ಮೂಲ ಕಾಸ್ಟಿಂಗ್ ಸಂಖ್ಯೆ, ಅಂದರೆ ಮಂತ್ರ ಫಲಿಸಲು ದಾಳದಲ್ಲಿ ಗಳಿಸಬೇಕಾದ ಕನಿಷ್ಠ ಮೊತ್ತ, ಇರುತ್ತದೆ. ಶತ್ರುವಿಗೆ ದೂರದಿಂದ ಹೊಡೆಯುವ ಎಲಿಮೆಂಟಲ್ ಬೋಲ್ಟ್ ಮಂತ್ರಕ್ಕೆ ಅದು 12. ಆದರೆ ಇದು ಆ ಮಂತ್ರದ ಸ್ವಂತ ಪಂಥದವರಿಗೆ, ಅಂದರೆ ಎಲಿಮೆಂಟಲಿಸ್ಟ್‌ಗೆ ಮಾತ್ರ. ಆಟದಲ್ಲಿ ಮಾಂತ್ರಿಕರ ಒಟ್ಟು ಹತ್ತು ಪಂಥಗಳಿವೆ. ನಿಮ್ಮದು ಮಿತ್ರ ಪಂಥವಾದರೆ 2, ತಟಸ್ಥವಾದರೆ 4, ವಿರೋಧಿಯಾದರೆ 6 ಕೂಡಿಸಬೇಕು. ಹೀಗಾಗಿ ಅದೇ ಎಲಿಮೆಂಟಲ್ ಬೋಲ್ಟ್ ಕ್ರೊನೊಮ್ಯಾನ್ಸರ್‌ಗೆ 14, ಇಲ್ಯೂಷನಿಸ್ಟ್‌ಗೆ 18. ಮಾಂತ್ರಿಕನ ಶಿಷ್ಯ ಮಂತ್ರ ಪ್ರಯೋಗಿಸುವಾಗ ಅವನ ದಾಳದಿಂದ 2 ಕಳೆಯಬೇಕು. ಈ ಕೂಡಿಸುವ ಕಳೆಯುವ ಕೆಲಸವನ್ನು ಆಟದ ನಡುವೆ ಇಟ್ಟುಕೊಳ್ಳಬೇಡಿ. ಮಾಂತ್ರಿಕನಿಗೆ ಎಷ್ಟು ಬೇಕು, ಶಿಷ್ಯನಿಗೆ ಎಷ್ಟು ಬೇಕು ಎಂದು ಪ್ರತಿ ಮಂತ್ರದ ಮುಂದೆ ಎರಡು ಅಂತಿಮ ಸಂಖ್ಯೆಗಳನ್ನು ಬರೆದಿಟ್ಟರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯಿತು.

ಹೆಜ್ಜೆ 1: ಪ್ರಯೋಗಿಸಲು ಅವಕಾಶ ಇದೆಯೇ?

ಒಂದು ಸರದಿಯಲ್ಲಿ ಬೊಂಬೆಗೆ ಎರಡು ಕ್ರಿಯೆಗಳು. ಅದರಲ್ಲಿ ಒಂದು ಚಲನೆಯೇ ಆಗಿರಬೇಕು. ಮಂತ್ರಕ್ಕೆ ಒಂದು ಕ್ರಿಯೆ ಖರ್ಚಾಗುವುದರಿಂದ ಒಂದೇ ಸರದಿಯಲ್ಲಿ ಎರಡು ಮಂತ್ರ ಪ್ರಯೋಗಿಸಲು ಬರುವುದಿಲ್ಲ. ಮಾಂತ್ರಿಕ ಒಬ್ಬನೇ ಸರದಿ ತೆಗೆದುಕೊಂಡರೆ ಮೊದಲು ಮಂತ್ರ ಹಾಕಿ ಆಮೇಲೆ ಗೋಡೆಯ ಮರೆಗೆ ಸರಿಯಬಹುದು. ಸುತ್ತಲಿನ ಸೈನಿಕರನ್ನು ಸೇರಿಸಿಕೊಂಡು ಗುಂಪಾಗಿ ಹೊರಟರೆ ಮಾತ್ರ ಎಲ್ಲರ ಮೊದಲ ಕ್ರಿಯೆಯೂ ಚಲನೆಯೇ ಆಗಬೇಕು. ಇದನ್ನು ಮರೆತವರು ಬಹಳ. ಮಂತ್ರ ಹಾಕಿ ಹಿಂದೆ ಸರಿಯುವ ಯೋಚನೆ ಇದ್ದರೆ ಗುಂಪು ಕಟ್ಟಬೇಡಿ.

ಗುರಿಯ ವಿಷಯವನ್ನೂ ದಾಳ ಉರುಳಿಸುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಕೆಲವು ಮಂತ್ರಗಳು ಪ್ರಯೋಗಿಸುವವನ ಮೇಲಷ್ಟೇ ಕೆಲಸ ಮಾಡುತ್ತವೆ. ಸ್ಪರ್ಶದ ಮಂತ್ರಗಳಿಗೆ ಗುರಿ ಒಂದು ಇಂಚಿನೊಳಗೆ ಇರಬೇಕು. ಇನ್ನು ಕೆಲವಕ್ಕೆ ಗುರಿ ಕಣ್ಣಿಗೆ ಕಾಣುತ್ತಿರಬೇಕು. ಕಾಣುತ್ತದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಬೊಂಬೆಯ ಎತ್ತರಕ್ಕೆ ಬಗ್ಗಿ ಇಬ್ಬರೂ ನೋಡಿ, ಒಪ್ಪಿ, ಆಮೇಲೆ ದಾಳ ಎತ್ತಿಕೊಳ್ಳಿ. ದಾಳ ಬಿದ್ದ ನಂತರ ನಡೆಯುವ ವಾದದಲ್ಲಿ ಯಾರ ಕಣ್ಣೂ ನಿಷ್ಪಕ್ಷಪಾತವಾಗಿ ಉಳಿಯುವುದಿಲ್ಲ.

ಹೆಜ್ಜೆ 2: ದಾಳ, ಆಮೇಲೆ ಆರೋಗ್ಯದ ಬೆಲೆ

ದಾಳದ ಮೊತ್ತ ಕಾಸ್ಟಿಂಗ್ ಸಂಖ್ಯೆಗೆ ಸಮನಾದರೂ ಸಾಕು, ಮಂತ್ರ ಫಲಿಸಿದಂತೆ. 12 ಬೇಕಿದ್ದರೆ ಇಪ್ಪತ್ತರಲ್ಲಿ ಒಂಬತ್ತು ಮುಖಗಳು ನಿಮ್ಮ ಪರ, ಅಂದರೆ ಶೇ 45. ಶಿಷ್ಯನಿಗೆ ಅದು ಶೇ 35ಕ್ಕೆ ಇಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಬಾರಿ ಸೋಲುವ ಈ ಆಟದಲ್ಲಿ ಎಂಪವರ್ ನಿಯಮ (ಆರೋಗ್ಯ ಕೊಟ್ಟು ದಾಳದ ಮೊತ್ತ ಏರಿಸುವುದು) ಇಷ್ಟೊಂದು ಮುಖ್ಯವಾಗುವುದು ಅದಕ್ಕೇ.

ದಾಳ ನೋಡಿದ ಮೇಲೆ ಮಾಂತ್ರಿಕ ತನ್ನ ಆರೋಗ್ಯದ ಅಂಕಗಳನ್ನು ಕೊಟ್ಟು ಮೊತ್ತವನ್ನು ಏರಿಸಬಹುದು. ಒಂದು ಅಂಕಕ್ಕೆ ಒಂದು. 10 ಬಿದ್ದಿದ್ದರೆ ಎರಡು ಅಂಕ ಕೊಟ್ಟು 12 ಮಾಡಿಕೊಳ್ಳಬಹುದು. ಆರಂಭದ ಮಾಂತ್ರಿಕನ ಆರೋಗ್ಯ 14 ಎಂಬುದನ್ನು ನೆನಪಿಟ್ಟುಕೊಂಡರೆ ಆ ಎರಡು ಅಂಕದ ತೂಕ ಅರ್ಥವಾಗುತ್ತದೆ. ಶತ್ರುವಿನ ಏಟಿಗೆಂದು ಇಟ್ಟುಕೊಂಡದ್ದನ್ನು ನೀವೇ ಖರ್ಚು ಮಾಡುತ್ತಿದ್ದೀರಿ.

ಕೊಡದೆ ಬಿಟ್ಟರೆ ಸೋಲು ಎಷ್ಟು ದೊಡ್ಡದು ಎಂದು ಎಣಿಸಿ. 1ರಿಂದ 4ರಷ್ಟು ಕಡಿಮೆಯಾದರೆ ಮಂತ್ರ ವ್ಯರ್ಥ, ಗಾಯವಿಲ್ಲ. 5ರಿಂದ 9ರಷ್ಟು ಕಡಿಮೆಯಾದರೆ ಒಂದು ಅಂಕ ಹಾನಿ, 10ರಿಂದ 19ರಷ್ಟಾದರೆ ಎರಡು, 20 ಅಥವಾ ಹೆಚ್ಚಾದರೆ ಐದು. 12ರ ಮಂತ್ರಕ್ಕೆ 6 ಬಿದ್ದರೆ ಕೊರತೆ 6, ಹಾನಿ ಒಂದು. ಇಲ್ಲಿ ನನ್ನ ಸಲಹೆ ನೇರ: ಕೊರತೆ ಮೂರರೊಳಗಿದ್ದು, ಆ ಮಂತ್ರದಿಂದ ನಿಧಿ ಕೈಸೇರುವಂತಿದ್ದರೆ ಕೊಡಿ, ಉಳಿದಂತೆ ಸೋಲನ್ನು ಒಪ್ಪಿಕೊಳ್ಳಿ.

ಹೆಜ್ಜೆ 3: ಎದುರಾಳಿಯ ಪ್ರತಿರೋಧ

ಅತಿ ಹೆಚ್ಚು ತಪ್ಪು ನಡೆಯುವ ಜಾಗ ಇದು. ಎದುರಾಳಿಯ ಬೊಂಬೆಯನ್ನು ವಶಪಡಿಸಿಕೊಳ್ಳುವ ಮೈಂಡ್ ಕಂಟ್ರೋಲ್‌ನಂಥ ಮಂತ್ರಗಳನ್ನು ಗುರಿಯಾದವನು ವಿಲ್ ರೋಲ್ ಮಾಡಿ, ಅಂದರೆ ದಾಳ ಉರುಳಿಸಿ ತನ್ನ ವಿಲ್ (ಮನೋಬಲ) ಅಂಕ ಕೂಡಿಸಿ, ತಡೆಯಬಹುದು. ಅವನು ದಾಟಬೇಕಾದದ್ದು ಮಂತ್ರದ ಕಾಸ್ಟಿಂಗ್ ಸಂಖ್ಯೆಯನ್ನಲ್ಲ, ಪ್ರಯೋಗಿಸಿದವನು ನಿಜವಾಗಿ ಗಳಿಸಿದ ಮೊತ್ತವನ್ನು. 12ರ ಮಂತ್ರಕ್ಕೆ ಮಾಂತ್ರಿಕ 17 ಗಳಿಸಿದ್ದರೆ ಸೈನಿಕನಿಗೆ 17 ಬೇಕು. ಅವನ ವಿಲ್ ಸೊನ್ನೆಯಾದರೆ ಇಪ್ಪತ್ತರಲ್ಲಿ ನಾಲ್ಕೇ ಮುಖಗಳು ಅವನನ್ನು ಕಾಯುತ್ತವೆ. 12 ಎಂದು ತಪ್ಪಾಗಿ ಲೆಕ್ಕ ಹಿಡಿದರೆ ಆ ನಾಲ್ಕು ಒಂಬತ್ತಾಗಿಬಿಡುತ್ತದೆ; ಚೆನ್ನಾಗಿ ಬಿದ್ದ ದಾಳಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ.

ಇದರಿಂದ ಇನ್ನೊಂದು ಸೊಗಸಾದ ಸಾಧ್ಯತೆ ತೆರೆಯುತ್ತದೆ. ಮಂತ್ರ ಆಗಲೇ ಫಲಿಸಿದ್ದರೂ ನೀವು ಆರೋಗ್ಯ ಕೊಟ್ಟು ಮೊತ್ತವನ್ನು ಇನ್ನೂ ಏರಿಸಬಹುದು. 17ಕ್ಕೆ ಮೂರು ಅಂಕ ಸೇರಿಸಿ 20 ಮಾಡಿದರೆ ಆ ಸೈನಿಕನಿಗೆ ಉಳಿಯುವುದು ಒಂದೇ ಮುಖ. ಆದರೆ ಈ ನಿರ್ಧಾರ ಎದುರಾಳಿ ದಾಳ ಉರುಳಿಸುವ ಮೊದಲೇ ಆಗಬೇಕು. ಹಾಗಾಗಿ ಪ್ರಯೋಗಿಸುವವರು "ನನ್ನ ಅಂತಿಮ ಮೊತ್ತ ಇಷ್ಟು" ಎಂದು ಬಾಯಿಬಿಟ್ಟು ಹೇಳಿ. ಅದನ್ನು ಕೇಳುವವರೆಗೂ ಎದುರಾಳಿ ದಾಳ ಮುಟ್ಟದಿರಲಿ.

ಹೆಜ್ಜೆ 4: ಏಟು ಬೇರೆ, ಮಂತ್ರ ಬೇರೆ

ಎಲಿಮೆಂಟಲ್ ಬೋಲ್ಟ್ ಫಲಿಸಿತು ಎಂದರೆ ಗುರಿಗೆ ತಾಗಿತು ಎಂದರ್ಥವಲ್ಲ. ಮಂತ್ರ ನಿಮಗೆ ಒಂದು ದಾಳಿಯನ್ನು ಕೊಟ್ಟಿದೆ, ಅಷ್ಟೇ. ಈಗ ಹೊಸದಾಗಿ ದಾಳ ಉರುಳಿಸಿ, ಮಂತ್ರದಲ್ಲಿ ಹೇಳಿರುವ ದಾಳಿಯ ಅಂಕ ಕೂಡಿಸಿ, ಗುರಿಯ ಫೈಟ್ ಮೊತ್ತಕ್ಕೆ (ಅವನ ದಾಳ ಮತ್ತು ಹೋರಾಟದ ಅಂಕ ಸೇರಿದ್ದು) ಹೋಲಿಸಬೇಕು. ಮರೆಯಲ್ಲಿ ನಿಂತವನಿಗೆ ಸಿಗುವ ಲಾಭ ಇಲ್ಲಿ ಅನ್ವಯಿಸುತ್ತದೆ, ಎರಡನೇ ಹೆಜ್ಜೆಯಲ್ಲಲ್ಲ. ಕಾಸ್ಟಿಂಗ್‌ಗೆ ಬಿದ್ದ 19ನ್ನೇ ದಾಳಿಗೂ ಎಳೆದು ತರುವುದು ನಿಯಮಕ್ಕೆ ವಿರುದ್ಧ.

ಪರಿಣಾಮ ಮುಂದಿನ ಸರದಿಗಳಿಗೂ ಉಳಿಯುವ ಮಂತ್ರವಾದರೆ ಬೊಂಬೆಯ ಪಕ್ಕ ಒಂದು ಗುರುತು ಇಡಿ. ಮೈಂಡ್ ಕಂಟ್ರೋಲ್‌ಗೆ ಸಿಕ್ಕಿದವನು ಬಿಡಿಸಿಕೊಳ್ಳಲು ಮತ್ತೆ ವಿಲ್ ರೋಲ್ ಮಾಡುತ್ತಾನೆ. ಆಗ ಮೊದಲಿನ ಮೊತ್ತ ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು ಇಪ್ಪತ್ತು ಮುಖದ ದಾಳವನ್ನು ಆ ಸಂಖ್ಯೆ ಮೇಲಿರುವಂತೆ ಬೊಂಬೆಯ ಹತ್ತಿರವೇ ಇಟ್ಟುಬಿಡಿ.