ಸಿಗರೇಟ್ ಬಿಡಲು ಮನಸ್ಸೇ ಬರುತ್ತಿಲ್ಲವೇ? ಹೀಗೆ ಶುರು ಮಾಡಿ

‘ಬಿಡಬೇಕು ಅಂತಿದೆ ಗುರು, ಮನಸ್ಸೇ ಬರ್ತಿಲ್ಲ.’ ದರ್ಶಿನಿ ಪಕ್ಕದ ಬೀಡಾ ಅಂಗಡಿ ಮುಂದೆ ಐದು ನಿಮಿಷ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. 14 ವರ್ಷ ನಾನೂ ಇದನ್ನೇ ಹೇಳಿಕೊಂಡು ಓಡಾಡಿದವನು. ಮನಸ್ಸು ತಾನಾಗಿ ಬರಲಿ ಅಂತ ಕಾಯುತ್ತಾ ಕೂತರೆ ವರ್ಷಗಳು ಹೋಗುತ್ತವೆ. ಅದನ್ನು ಕರೆದುಕೊಂಡು ಬರಲು ಕೆಲವು ದಾರಿಗಳಿವೆ.

ಮೊದಲು ನಿಮ್ಮದೇ ಕಾರಣ ಹುಡುಕಿ

ಪ್ಯಾಕಿನ ಮೇಲಿನ ಚಿತ್ರ ನೋಡಿ ಎರಡು ದಿನ ಹೆದರುತ್ತೇವೆ, ಮೂರನೇ ದಿನ ಅದು ಕಣ್ಣಿಗೇ ಬೀಳುವುದಿಲ್ಲ. ಕಾಯಿಲೆ ಯಾವತ್ತೋ ಬರುವಂಥದ್ದು, ಸಿಗರೇಟ್ ಈಗಲೇ ಬೇಕು. ಆದ್ದರಿಂದ ಕಾರಣವೂ ಇವತ್ತಿನದೇ ಆಗಿರಬೇಕು.

ನನಗೆ ಅದು ಸಿಕ್ಕಿದ್ದು ಹನುಮಂತನಗರದ ಒಂದು ಮಳೆ ರಾತ್ರಿಯಲ್ಲಿ. ಮೈಯಲ್ಲಿ ಜ್ವರ, ಎದೆಯಲ್ಲಿ ಕಫ. ಹನ್ನೊಂದು ಗಂಟೆಗೆ ಛತ್ರಿ ಹಿಡಿದು ತೆರೆದಿರುವ ಅಂಗಡಿ ಹುಡುಕಿಕೊಂಡು ಹೊರಟಿದ್ದೆ. ಒಂದು ಕಡೆ ಅರ್ಧ ಶಟರ್ ಎಳೆದಿತ್ತು. ದಾರಕ್ಕೆ ಕಟ್ಟಿದ್ದ ಲೈಟರ್ ಗಾಳಿಗೆ ಓಲಾಡುತ್ತಿತ್ತು. ಬಗ್ಗಿ ಕೇಳಿದೆ. ಅಂಗಡಿಯವರು ಸಿಗರೇಟ್ ಕೊಟ್ಟು, ‘ಸಾರ್, ಈ ಮಳೇಲಿ ಇದಕ್ಕೇ ಬಂದ್ರಾ?’ ಅಂದರು. ಅವರು ಕನಿಕರದಿಂದಲೇ ಕೇಳಿದ್ದು. ಆದರೆ ನನ್ನನ್ನು ಯಾರೋ ಕಿವಿ ಹಿಡಿದು ಎಳೆದುಕೊಂಡು ಬಂದ ಹಾಗೆ ಅನ್ನಿಸಿತು. ಜ್ವರದಲ್ಲೂ ಹಾಸಿಗೆಯಿಂದ ಎಬ್ಬಿಸುವ ಈ ಧಣಿ ನನಗೆ ಬೇಡ. ಅದೇ ನನ್ನ ಕಾರಣವಾಯಿತು.

ನಿಮ್ಮದು ಬೇರೆ ಇರಬಹುದು. ಮೆಟ್ರೋ ಮೆಟ್ಟಿಲು ಹತ್ತುವಾಗ ಬರುವ ಏದುಸಿರು ಇರಬಹುದು. ಬಟ್ಟೆ ನೆನೆಸುವಾಗ ಅಮ್ಮ ಶರ್ಟ್ ಮೂಸಿ ಸುಮ್ಮನಾಗಿದ್ದಿರಬಹುದು. ದುಡ್ಡೂ ಆಗಬಹುದು. ಒಂದಕ್ಕೆ 20 ರೂಪಾಯಿ ಅಂತಿಟ್ಟುಕೊಂಡು ದಿನಕ್ಕೆ 8 ಸೇದಿದರೆ ವರ್ಷಕ್ಕೆ 58,400 ರೂಪಾಯಿ. ಯಾವುದು ನಿಮಗೆ ಚುಚ್ಚುತ್ತದೋ ಅದನ್ನು ಒಂದೇ ಸಾಲಿನಲ್ಲಿ ಬರೆದು, ಸಿಗರೇಟ್ ಪ್ಯಾಕಿನೊಳಗೇ ಇಡಿ.

ಒಂದು ವಾರ ಸುಮ್ನೆ ಬರೆದಿಡಿ

ಇನ್ನೂ ಬಿಡಬೇಡಿ. ಪ್ರತಿ ಸಲ ಹಚ್ಚುವ ಮುಂಚೆ ಹೊತ್ತು, ಜಾಗ, ಜೊತೆಗಿದ್ದವರು ಯಾರು ಅಂತ ಮೊಬೈಲಿನಲ್ಲಿ ಬರೆಯಿರಿ. ನನ್ನ ಪಟ್ಟಿಯಲ್ಲಿ ನಿಜವಾಗಿ ಬೇಕೆನಿಸಿದ್ದು ಮೂರೇ: ಎದ್ದ ಕೂಡಲೇ ಒಂದು, ಬೈಟು ಕಾಫಿ ಜೊತೆ ಒಂದು, ರಾತ್ರಿ ಊಟದ ಮೇಲೆ ಒಂದು. ಉಳಿದವೆಲ್ಲ ಟ್ರಾಫಿಕ್, ಬೇಜಾರು, ಇಲ್ಲವೇ ‘ಬಾ, ಒಂದು ದಮ್ ಎಳೆದು ಬರೋಣ’ ಅನ್ನುವ ಗೆಳೆಯ. ಹತ್ತರಲ್ಲಿ ಏಳು ಬೇಡದೇ ಸೇದಿದ್ದು ಅಂತ ಕಣ್ಣಾರೆ ಕಂಡಾಗ ಧೈರ್ಯ ಬಂತು.

ದಿನ ಗೊತ್ತು ಮಾಡಿ

ಎರಡು ವಾರದೊಳಗಿನ ದಿನವೇ ಆಗಲಿ. ಯುಗಾದಿಗೆ, ಹುಟ್ಟುಹಬ್ಬಕ್ಕೆ ಅಂತ ಮುಂದೂಡಬೇಡಿ. ಒಬ್ಬರಿಗೆ ಹೇಳಿ, ಸಾಕು. ಹಿಂದಿನ ರಾತ್ರಿ ಮನೆ, ಗಾಡಿ, ಬ್ಯಾಗು ಎಲ್ಲ ತಡಕಿ ಉಳಿದದ್ದನ್ನು ನೀರಿಗೆ ಅದ್ದಿ ಎಸೆಯಿರಿ.

ಸಹಾಯ ಕೇಳಿ

ಛಲ ಒಂದಿದ್ದರೆ ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೊಗೆ ಎಳೆದ ಕೆಲವೇ ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿದ ಮಿದುಳು ಒಂದೇ ದಿನಕ್ಕೆ ಮಾತು ಕೇಳುವುದಿಲ್ಲ. ಪ್ಯಾಕಿನ ಮೇಲೇ ಇರುವ 1800-11-2356ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್‌ನಲ್ಲೂ ಈ ಸಹಾಯವಾಣಿಯ ಕೇಂದ್ರವಿದೆ.

ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ಡಾಕ್ಟರನ್ನು ಕೇಳಲೇಬೇಕು. ಇದನ್ನು ಮಾಮೂಲಿ ಚೂಯಿಂಗ್ ಗಮ್ ಥರ ಅಗಿಯಬಾರದು. ನಿಧಾನ ಅಗಿದು, ಬಾಯಿ ಚುರುಚುರು ಅಂದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಚುರು ನಿಂತರೆ ಮತ್ತೆ ಅಗಿಯಿರಿ. ಕಾಫಿ ಕುಡಿದು 15 ನಿಮಿಷ ಆಗುವವರೆಗೆ ಹಾಕಿಕೊಳ್ಳಬೇಡಿ, ನಿಕೋಟಿನ್ ಸರಿಯಾಗಿ ಹಿಡಿಯುವುದಿಲ್ಲ. ಗಮ್ ಸಾಲದವರಿಗೆ ಮಾತ್ರೆಗಳೂ ಇವೆ, ಅದನ್ನು ಡಾಕ್ಟರೇ ಬರೆದುಕೊಡಬೇಕು.

ಮೊದಲ ಮೂರು ದಿನ

ಸಿಡಿಮಿಡಿ, ನಿದ್ದೆಗೇಡು, ಜಾಸ್ತಿ ಹಸಿವು, ಎಲ್ಲಾ ಬರುತ್ತದೆ. ಮೊದಲ ವಾರ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಸೇದಬೇಕು ಅನ್ನುವ ತುಡಿತ ಒಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಅಷ್ಟು ಹೊತ್ತು ನೀರು ಕುಡಿಯಿರಿ, ಕಡಲೆಬೀಜ ಬಿಡಿಸಿ, ಒಂದು ಸುತ್ತು ನಡೆದು ಬನ್ನಿ. ಆ ಅಂಗಡಿ ಇರುವ ಬೀದಿ ಒಂದನ್ನು ಬಿಟ್ಟು.

ಬೆಂಗಳೂರಿನವರಿಗೆ ಮುಖ್ಯವಾದ ಮಾತೊಂದಿದೆ. ಹೊಗೆ ನಿಂತ ಮೇಲೆ ದೇಹ ಕಾಫಿಯ ಕೆಫೀನನ್ನು ಮೊದಲಿನಷ್ಟು ಬೇಗ ಹೊರಹಾಕುವುದಿಲ್ಲ. ಅಷ್ಟೇ ಕಾಫಿ ಕುಡಿದರೂ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ. ‘ಸಿಗರೇಟ್ ಬಿಟ್ಟಿದ್ದಕ್ಕೇ ಹೀಗಾಯ್ತು’ ಅಂತ ಮತ್ತೆ ಹಚ್ಚಿದವರನ್ನು ನೋಡಿದ್ದೇನೆ. ನಾಲ್ಕು ಲೋಟ ಕುಡಿಯುವವರು ಎರಡಕ್ಕೆ ಇಳಿಸಿ. ನಿಂತು ಕುಡಿಯುವ ಜಾಗ ಬಿಟ್ಟು, ಕೂತು ಕುಡಿಯುವ ಹೋಟೆಲಿಗೆ ಹೋಗಿ.

ದೇಹ ಮಾತ್ರ ತಡಮಾಡುವುದಿಲ್ಲ. 20 ನಿಮಿಷದಲ್ಲೇ ಏರಿದ್ದ ಎದೆಬಡಿತ ಇಳಿಯತೊಡಗುತ್ತದೆ. ಒಂದು ವರ್ಷ ತುಂಬುವ ಹೊತ್ತಿಗೆ ಹೃದಯಾಘಾತದ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಬರುತ್ತದೆ.

ಜಾರಿದರೆ

ನಾನು ಜಾರಿದೆ. 93ನೇ ದಿನ, ಗೆಳೆಯನ ಮದುವೆ ಊಟ ಮುಗಿಸಿ, ಛತ್ರದ ಹಿಂದೆ ಒಂದು ಸೇದಿದೆ. ಮನೆಗೆ ಬಂದು ಬಹಳ ಹೊತ್ತು ಕೂತಿದ್ದೆ. ಹಳೇ ಚೀಟಿ ತೆಗೆದು ಓದಿದೆ. ಆಮೇಲೆ ಹೊತ್ತು, ಜಾಗ, ಜೊತೆಗಿದ್ದವರು ಯಾರು ಅಂತ ಪಟ್ಟಿಗೆ ಸೇರಿಸಿದೆ. ಮರುದಿನ ಲೆಕ್ಕವನ್ನು ಒಂದರಿಂದ ಶುರು ಮಾಡಲಿಲ್ಲ. 94 ಅಂತಲೇ ಬರೆದೆ.