ಹೋಸಿನೊಳಗಿನ ರಬ್ಬರ್ ನಾಲಿಗೆ

ನಾನೇ ಕಟ್ಟಿದ ವಿಮಾನದ ಎಂಜಿನ್ ನಿಂತದ್ದು ಹದಿನಾಲ್ಕನೆಯ ಗಂಟೆಯ ಹಾರಾಟದಲ್ಲಿ, ನೆಲದಿಂದ ಸುಮಾರು 300 ಅಡಿ ಮೇಲೆ. ಅಮೆರಿಕದ ಒಹಾಯೋದಲ್ಲಿ, ಮನೆಯ ಗ್ಯಾರೇಜಿನಲ್ಲಿ ಆರು ವರ್ಷ ರಿವೆಟ್ ಹೊಡೆದು ಮಾಡಿದ ಎರಡು ಆಸನಗಳ ವಿಮಾನ ಅದು. ನನಗೆ ವಿಧಿಸಿದ್ದ 40 ಗಂಟೆಗಳ ಪರೀಕ್ಷಾ ಹಾರಾಟ ಮುಗಿಯುವ ತನಕ ಪ್ರಯಾಣಿಕರನ್ನು ಕೂರಿಸುವಂತಿರಲಿಲ್ಲ. "ಅಪ್ಪಾ, ಇನ್ನೆಷ್ಟು ಗಂಟೆ ಬಾಕಿ?" ಎಂದು ಮಗಳು ಪ್ರತಿ ಶನಿವಾರ ಕೇಳುತ್ತಿದ್ದಳು. ಆ ನಿಯಮಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬೆನ್ನ ಹಿಂದೆಯೇ ರನ್‌ವೇ ಇದೆ, ತಿರುಗಿಬಿಡೋಣ ಎಂದು ಮನಸ್ಸು ಎಳೆಯುತ್ತದೆ. ಆ ಎತ್ತರದಲ್ಲಿ ತಿರುಗಲು ಹೊರಟವರು ವೇಗ ಕಳೆದುಕೊಂಡು, ರೆಕ್ಕೆ ವಾಲಿ, ನೇರ ನೆಲಕ್ಕೆ ಬೀಳುತ್ತಾರೆ. ಪ್ರತಿ ಟೇಕಾಫ್‌ಗೆ ಮೊದಲು "500 ಅಡಿಯೊಳಗೆ ನಿಂತರೆ ಮುಂದಕ್ಕೇ ಇಳಿಯುತ್ತೇನೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುವ ರೂಢಿ ನನ್ನನ್ನು ಉಳಿಸಿತು. ಕೈ ತಾನಾಗಿ ವಿಮಾನದ ಮೂಗನ್ನು ತಗ್ಗಿಸಿತು. ಹುಲ್ಲು ಕೊಯ್ದಿದ್ದ ಹೊಲವೊಂದು ಎದುರಿಗಿತ್ತು. ಮುಂದಿನ ಚಕ್ರದ ಕಾಲು ಬಾಗಿತು, ನನಗೇನೂ ಆಗಲಿಲ್ಲ.

ಎಂಜಿನ್ನಿನ ತಪ್ಪೇನೂ ಇರಲಿಲ್ಲ. ಪಂಪಿನ ಹತ್ತಿರದ ಹೋಸನ್ನು, ಅಂದರೆ ಇಂಧನ ಸಾಗಿಸುವ ರಬ್ಬರ್ ಕೊಳವೆಯನ್ನು, ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ, ಕಿರುಬೆರಳ ಉಗುರಿನಷ್ಟು ರಬ್ಬರ್ ಚೂರು ಒಂದು ಅಂಚಿನಲ್ಲಿ ಮಾತ್ರ ಅಂಟಿಕೊಂಡು ನಾಲಿಗೆಯಂತೆ ಆಡುತ್ತಿತ್ತು. ಹೋಸನ್ನು ಎಣ್ಣೆ ಸವರದೆಯೇ ಬಲವಾಗಿ ತುರುಕಿದ್ದೆ; ಅದನ್ನು ಕೂರಿಸುವ ಲೋಹದ ಫಿಟ್ಟಿಂಗಿನ ಚೂಪು ಅಂಚು ಒಳಗೋಡೆಯನ್ನು ಹೆರೆದಿತ್ತು. ಹರಿವು ಕಡಿಮೆಯಿದ್ದಾಗ ಆ ರಬ್ಬರ್ ಚೂರು ಗೋಡೆಗೆ ಒರಗಿ ಮಲಗುತ್ತದೆ, ಪೂರ್ಣ ಶಕ್ತಿಯಲ್ಲಿ ಎದ್ದು ದಾರಿ ಮುಚ್ಚುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲು ನೆಲ ಬಿಡುವವರೆಗೆ ಸಾಕಾಯಿತು, ಆಮೇಲೆ ಮುಗಿಯಿತು.

ಹಾಗಾದರೆ ಇಂಧನ ಹರಿವಿನ ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದೆ. ಎಂಜಿನ್ನಿಗೆ ಹೋಗುವ ಪೆಟ್ರೋಲನ್ನು ಬಕೆಟ್ಟಿಗೆ ಹರಿಸಿ, ಎಷ್ಟು ಹೊತ್ತಿಗೆ ಎಷ್ಟು ತುಂಬುತ್ತದೆ ಎಂದು ನೋಡುವುದು ಅದು. ನನ್ನದು 100 ಅಶ್ವಶಕ್ತಿಯ ರೋಟಾಕ್ಸ್ 912 ಎಂಜಿನ್. ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವ್ಯವಸ್ಥೆಯಲ್ಲಿ ಅದರ 125 ಪ್ರತಿಶತ ಹರಿಯಬೇಕು, ಬರೀ ಗುರುತ್ವದಿಂದ ಇಳಿಯುವುದಾದರೆ 150. ನನ್ನ ಲೆಕ್ಕಕ್ಕೆ 5 ಲೀಟರ್ ಒಂಬತ್ತು ನಿಮಿಷದೊಳಗೆ ತುಂಬಬೇಕಿತ್ತು. ಏಳು ನಿಮಿಷಕ್ಕೇ ತುಂಬಿತ್ತು. ಆದರೆ ಹನ್ನೆರಡನೆಯ ಗಂಟೆಯ ಬಳಿಕ ಆ ಒಂದು ಹೋಸನ್ನು ಬದಲಿಸಿದೆ. ಒಂದು ಅಡಿಯ ತುಂಡಿಗಾಗಿ ಮತ್ತೆ ಬಕೆಟ್ ಹಿಡಿಯಲಿಲ್ಲ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ 2012ರ ಅಧ್ಯಯನವನ್ನು ನಾನು ಮೊದಲೇ ಓದಿದ್ದೆ. 2011ರಲ್ಲಿ ನನ್ನದರಂತೆ ಹವ್ಯಾಸಿಗಳು ತಾವೇ ಕಟ್ಟಿದ ವಿಮಾನಗಳ 224 ಅಪಘಾತಗಳು, ಅವುಗಳಲ್ಲಿ 54 ಪ್ರಾಣಾಂತಿಕ. ಎಂಜಿನ್ ಕೈಕೊಡುವುದು ಮುಖ್ಯ ಕಾರಣಗಳಲ್ಲೊಂದು. ಓದುವಾಗ ಅವರೆಲ್ಲ ಬೇರೆ ಯಾರೋ ಆಗಿದ್ದರು.

ಚಕ್ರ ಸರಿಪಡಿಸಿದ ಮೇಲೆ ಹಳೆಯ ಹೋಸುಗಳನ್ನೆಲ್ಲ ಕಿತ್ತೆಸೆದೆ. ಫಿಟ್ಟಿಂಗಿನ ಅಂಚುಗಳನ್ನು ಉಜ್ಜಿ ನುಣುಪು ಮಾಡಿ, ಎಣ್ಣೆ ಸವರಿ, ಒತ್ತದೆ ತಿರುಗಿಸುತ್ತಾ ಕೂರಿಸಿದೆ. ಹಿಂದಿನ ಚಕ್ರಗಳನ್ನು ತಗ್ಗಿನಲ್ಲಿಳಿಸಿ, ಮೂಗಿನ ಕೆಳಗೆ ದಿಮ್ಮಿ ಕೊಟ್ಟು, ಏರುವಾಗಿನ ಕೋನಕ್ಕೆ ನಿಲ್ಲಿಸಿದೆ. ಟ್ಯಾಂಕಿನ ತಳದಲ್ಲಿ ಸ್ವಲ್ಪವೇ ಪೆಟ್ರೋಲು. ಸ್ಟಾಪ್‌ವಾಚ್ ಮಗಳ ಕೈಯಲ್ಲಿ. ಎಡ ಟ್ಯಾಂಕಿನಿಂದ 7 ನಿಮಿಷ 10 ಸೆಕೆಂಡ್, ಬಲದಿಂದ 7 ನಿಮಿಷ 20. "ಇನ್ನೊಂದು ಸಲ ನೋಡೋಣ ಅಪ್ಪಾ" ಎಂದಳು. ಬಕೆಟ್ ಖಾಲಿ ಮಾಡಿ ಮತ್ತೆ ಹಿಡಿದೆ.