ಪೇಂಟ್ ಹೊಡೆದಷ್ಟೂ ಏರಿದ ಗೋಡೆಯ ತೇವ

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ ಜಂಬಿಟ್ಟಿಗೆ ಗೋಡೆಯದು. ಆಷಾಢ ಬಂತೆಂದರೆ ನಡುಮನೆ ಗೋಡೆಯ ಕೆಳಗಿನ ಮೂರಡಿ ಕಪ್ಪಗಾಗಿ, ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆ. ದುಡ್ಡು ಹೋಯಿತು, ತೇವ ಇನ್ನೊಂದಡಿ ಮೇಲೆ ಹತ್ತಿತು.

ತಪ್ಪು ನಮ್ಮದೇ. ಹದಿನೈದು ವರ್ಷದ ಹಿಂದೆ ಹಳೇ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಬಳಿಸಿದ್ದೆವು. ನೆಲದಿಂದ ಏರುವ ನೀರು ಮೊದಲು ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕಿತು. ಸಾಲದ್ದಕ್ಕೆ ವರ್ಷ ವರ್ಷ ಮಣ್ಣು ತುಂಬಿಸಿ ಅಂಗಳ ಒಳಗಿನ ನೆಲಕ್ಕಿಂತ ಅರ್ಧ ಅಡಿ ಎತ್ತರವಾಗಿತ್ತು.

ಬೇಸಿಗೆಯಲ್ಲಿ ಆ ಮಣ್ಣು ತೆಗೆಸಿ, ಸೂರಿನ ನೀರು ಬೀಳುವಲ್ಲಿ ಇಳಿಜಾರಾಗಿ ಚರಂಡಿ ಮಾಡಿಸಿದೆ. ನಾಲ್ಕೂವರೆ ಅಡಿವರೆಗೆ ಸಿಮೆಂಟ್ ಕೆತ್ತಿಸಿ, ಗೋಡೆಯನ್ನು ಎರಡು ತಿಂಗಳು ಬೆತ್ತಲೆ ಬಿಟ್ಟೆ (ಅಮ್ಮನಿಗೆ ನೆಂಟರೆದುರು ಭಾರೀ ಮುಜುಗರ). ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ, ಅದರ ಮೇಲೆ ಬರೀ ಸುಣ್ಣ.

ಕಾವಿ ನೆಲದ ಪಸೆ ಮಾತ್ರ ಬೇರೆಯೇ ಕಥೆ. ಪ್ಲಾಸ್ಟಿಕ್ ಹಾಳೆಯ ಅಂಚಿಗೆಲ್ಲ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ ಎರಡು ದಿನ ಬಿಟ್ಟೆ. ಹನಿ ಹಾಳೆಯ ಮೇಲಿತ್ತು, ಅಡಿಯಲ್ಲಿ ಒಣ. ಅಂದರೆ ಅದು ಗಾಳಿಯ ತೇವ, ನೆಲದೊಳಗಿಂದ ಬಂದದ್ದಲ್ಲ. ಟೈಲ್ಸಿಗೆ ಕೊಟ್ಟಿದ್ದ ಅಡ್ವಾನ್ಸ್ ವಾಪಸ್ ತಂದು, ನಡುಮನೆಯ ಒದ್ದೆ ಬಟ್ಟೆಯ ಹಗ್ಗವನ್ನು ಬಚ್ಚಲೊಲೆಯ ಹತ್ತಿರ ಕಟ್ಟಿದೆ.

ಈ ಮಳೆಗಾಲ ದೇವರಕೋಣೆಯ ಮೂಲೆಯೊಂದು ಇನ್ನೂ ತಣ್ಣಗಿದೆ. ಉಳಿದ ಗೋಡೆ ಮುಟ್ಟಿದರೆ ಅಂಗೈಗೆ ಸುಣ್ಣವಷ್ಟೇ ಹತ್ತುತ್ತದೆ.